ಅಜ್ಜಿಯ ಸಂಚಿ, ಮೊಮ್ಮಗನ ಓಡಾಟ

ಕಾರ್ಖಾನೆಗಳು ಕಬ್ಬು ನುರಿಸತೊಡಗಿದರೆ ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗದ ಕೆಲವು ಮನೆಗಳಲ್ಲಿ ಅಪ್ಪ–ಅವ್ವ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ತಿಂಗಳುಗಟ್ಟಲೆ ಹೊರಗೆ. ಮನೆಯಲ್ಲಿ ಉಳಿಯುವುದು ಅಜ್ಜಿ ಮತ್ತು ಹೈಸ್ಕೂಲಿಗೆ ಹೋಗುವ ಮೊಮ್ಮಗ. ಯಾರು ಯಾರನ್ನು ನೋಡಿಕೊಳ್ಳುತ್ತಾರೆ ಎಂದು ಹೇಳುವುದು ಕಷ್ಟ. ನೀರು ತರುವವನೂ ಅವನೇ, ಗುಳಿಗೆ ತರುವವನೂ ಅವನೇ; ಅಜ್ಜಿಯ ಸಂಚಿಗೆ ತಂಬಾಕು ತರುವವನೂ ಅವನೇ. ಹಂಚಿನ ಮೇಲೆ ತಂಬಾಕು ಹುರಿದು ಮಿಶ್ರಿ ಮಾಡಿಕೊಡುವ ಹುಡುಗನ ಬೆರಳಿಗೆ ಆ ಕರಿ ಪುಡಿ ಅಂಟದೆ ಇರುತ್ತದೆಯೇ? ಅಂಗಡಿಯವನು ಚಿಲ್ಲರೆಯ ಬದಲು ಅಡಿಕೆ–ತಂಬಾಕು ಬೆರೆಸಿದ ಒಂದು ಮಾವಾ ಪುಡಿಕೆ ಕೊಟ್ಟರೆ ಕೇಳುವವರಾರು?

ಬೀಡಿ ತಂಬಾಕಿಗೇ ಹೆಸರಾದ ನಿಪ್ಪಾಣಿಯಲ್ಲಿ, ಪಕ್ಕದ ಚಿಕ್ಕೋಡಿಯಲ್ಲಿ ಈ ಎಲೆ ಅನ್ನ ಕೊಟ್ಟ ಬೆಳೆ. 1981ರಲ್ಲಿ ಅದರ ಬೆಲೆಗಾಗಿ ರೈತರು ಹೆದ್ದಾರಿ ತಡೆದು ಗುಂಡೇಟು ತಿಂದ ನೆಲವಿದು. ಹಾಗಾಗಿ ಇಲ್ಲಿ ತಂಬಾಕನ್ನು ಯಾರೂ ಚಟ ಎನ್ನುವುದಿಲ್ಲ.

ಕಾನೂನಿಗೆ ಬರವಿಲ್ಲ. 2013ರಿಂದ ರಾಜ್ಯದಲ್ಲಿ ಗುಟ್ಕಾ ನಿಷೇಧವಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಮಗುವಿಗೆ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಜೈಲು ಎನ್ನುತ್ತದೆ. ಅಜ್ಜಿಯನ್ನು ಜೈಲಿಗೆ ಹಾಕಿ ಎಂದು ಯಾರೂ ಕೇಳುತ್ತಿಲ್ಲ, ಆಕೆಯನ್ನು ಬೈದೂ ಪ್ರಯೋಜನವಿಲ್ಲ. ಮೊಮ್ಮಗನ ಓಡಾಟ ತಪ್ಪುವಂತೆ ಆಕೆಯ ಗುಳಿಗೆ ಆಶಾ ಕಾರ್ಯಕರ್ತೆಯ ಕೈಯಿಂದ ಮನೆಗೇ ಬರಲಿ. ಹಂಗಾಮು ಮುಗಿಯುವವರೆಗೆ ಗುಳೆ ಹೋದವರ ಮಕ್ಕಳಿಗೆ ಋತುಮಾನ ವಸತಿ ನಿಲಯದ ಬಾಗಿಲು ತೆರೆದಿರಲಿ. ಕಬ್ಬು ನುರಿಸುವ ದಿನ ಮೊದಲೇ ಗೊತ್ತಿರುತ್ತದೆ. ವಸತಿ ನಿಲಯದ ಆದೇಶವೂ ಅದಕ್ಕೆ ಮೊದಲೇ ಹೊರಡಬೇಕು.