ಎಂಟು ಜಿಬಿ ಹಾಕಿದ್ರೂ ಮೂರೂಕಾಲೇ ಯಾಕ?

ಅಕ್ಕಲಕೋಟ: "ಮಾಮಾ, ಎಂಟು ಜಿಬಿ ಹಾಕ್ಸೀವಿ, ಆದ್ರೂ ಕಂಪ್ಯೂಟರ್ ಎತ್ತಿನ ಗಾಡಿ ಹಂಗ ನಡೀತೈತಿ" ಅಂತ ಅಕ್ಕನ ಮಗಳು ಫೋನ್ ಮಾಡಿದಳು. ಹೋಗಿ ನೋಡಿದೆ. ವಿಂಡೋಸ್ 7 ಇದ್ದ ಹಳೆಯ ಕಂಪ್ಯೂಟರ್. ಮೊದಲಿದ್ದ ಎರಡು ಜಿಬಿ ರ‍್ಯಾಮ್ ತೆಗೆದು ಎಂಟು ಜಿಬಿ ಹಾಕಿಸಿದ್ದಾರೆ. ಬಿಲ್ಲಿನಲ್ಲಿ ಎಂಟು ಅಂತಲೇ ಇದೆ. ಪರದೆ ಮೇಲೆ ಮಾತ್ರ ಬಳಕೆಗೆ ಸಿಗೋದು 3.25 ಜಿಬಿ ಅಂತ ಬರ್ತಿತ್ತು. ಹಾಲು ಮಾರಿ ಕೂಡಿಟ್ಟ ರೊಕ್ಕ. ಅಕ್ಕನಿಗೆ ಮೋಸ ಹೋದೆ ಅನ್ನೋ ಸಂಕಟ.

ಅಂಗಡಿಯವ ಕೊಟ್ಟ ಮಾಲು ಖರೇನೇ ಇತ್ತು. ಆದರೆ ಕೇಳಬೇಕಾದ ಒಂದು ಪ್ರಶ್ನೆ ಆತ ಕೇಳಿರಲಿಲ್ಲ: ನಿಮ್ಮ ಕಂಪ್ಯೂಟರಿನ ವಿಂಡೋಸ್ 32 ಬಿಟ್ಟಿಂದೋ, 64 ಬಿಟ್ಟಿಂದೋ?

ಒಂದು ಊರಿನ ಮನೆ ನಂಬರ್ ಪಟ್ಟಿಯಲ್ಲಿ ನಾಲ್ಕೇ ಅಂಕಿ ಬರೆಯಲು ಜಾಗ ಇದೆ ಅನ್ನಿ. 0000ದಿಂದ 9999ರವರೆಗೆ ಹತ್ತು ಸಾವಿರ ಮನೆ ಆಯಿತು. ಮುಂದೆ ಇನ್ನೊಂದು ಮನೆ ಕಟ್ಟಿದರೆ ಮನೆ ಇರ್ತದ, ನಂಬರ್ ಇರೋದಿಲ್ಲ. ಪೋಸ್ಟ್‌ಮನ್ ಅಲ್ಲಿಗೆ ಹೋಗೋದಿಲ್ಲ. 32 ಬಿಟ್ ವಿಳಾಸದ ಕಥೆಯೂ ಇದೇ. ಎರಡನ್ನು 32 ಸಲ ಗುಣಿಸಿದರೆ 429 ಕೋಟಿ 49 ಲಕ್ಷ 67 ಸಾವಿರದ 296 ಬೈಟ್, ಅಂದರೆ ಸರಿಯಾಗಿ ನಾಲ್ಕು ಜಿಬಿ. ಅದರಲ್ಲೂ ಕೆಲವು ನಂಬರನ್ನು ಗ್ರಾಫಿಕ್ಸ್ ಕಾರ್ಡ್ ಮುಂತಾದ ಬಿಡಿಭಾಗಗಳಿಗೆ ಮೀಸಲಿಡಬೇಕು. ಉಳಿಯೋದು ಮೂರರಿಂದ ಮೂರೂವರೆ ಜಿಬಿ. ನಾಲ್ಕು ಜಿಬಿ ಹಾಕಿಸಿದ್ದರೂ ಅಕ್ಕನಿಗೆ ಅಷ್ಟೇ ಸಿಗುತ್ತಿತ್ತು. ಉಳಿದ ನಾಲ್ಕು ಜಿಬಿಯ ರೊಕ್ಕ ದಂಡ.

ಇಂಥ ಗೋಡೆ ಹೊಸದೇನಲ್ಲ. 1981ರ ಐಬಿಎಂ ಪಿಸಿ ಒಂದು ಎಂಬಿಗಷ್ಟೇ ವಿಳಾಸ ಕೊಡಬಲ್ಲದಾಗಿತ್ತು. ಅದರ ಮೇಲಿನ 384 ಕೆಬಿಯನ್ನು ಪರದೆ, ಬಯೋಸ್ ಇತ್ಯಾದಿಗೆ ಬಿಟ್ಟು, ಡಾಸ್ ಪ್ರೋಗ್ರಾಮ್‌ಗಳಿಗೆ 640 ಕೆಬಿ ಉಳಿದಿತ್ತು. ವಿಂಡೋಸ್ 98ರಲ್ಲಿ 512 ಎಂಬಿ ದಾಟಿದರೆ ತಕರಾರು ಶುರುವಾಗುತ್ತಿತ್ತು.

ಎಲ್ಲ ಮಿತಿಯೂ ಲೆಕ್ಕದಿಂದ ಬಂದಿದ್ದಲ್ಲ ಎಂಬುದನ್ನೂ ಹೇಳಲೇಬೇಕು. 2009ರಲ್ಲಿ ಬಂದ ವಿಂಡೋಸ್ 7ರ ಸ್ಟಾರ್ಟರ್ ಆವೃತ್ತಿಗೆ ಕಂಪನಿ ಎರಡೇ ಜಿಬಿಯ ಬೇಲಿ ಹಾಕಿತ್ತು. 64 ಬಿಟ್‌ನ ಹೋಮ್ ಬೇಸಿಕ್‌ಗೆ 8, ಹೋಮ್ ಪ್ರೀಮಿಯಂಗೆ 16, ಪ್ರೊಫೆಶನಲ್‌ಗೆ 192 ಜಿಬಿ. ಕಂಪ್ಯೂಟರ್ ಅದೇ ಇದ್ದರೂ ಕೊಟ್ಟ ಬೆಲೆಗೆ ತಕ್ಕಂತೆ ಬಾಗಿಲು ತೆರೆಯುವ ವ್ಯವಹಾರ ಇದು. ಇಂಥ ಮಾತು ಡಬ್ಬಿ ಮೇಲೆ ದಪ್ಪ ಅಕ್ಷರದಾಗ ಇರಬೇಕು, ಗಿರಾಕಿ ತಾನೇ ಹುಡುಕಿಕೊಳ್ಳಲಿ ಅನ್ನೋದು ನ್ಯಾಯವಲ್ಲ.

ನಮ್ಮ ಭಾಗದ ಮನೆ, ಶಾಲೆಗಳಿಗೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರುಗಳೇ ಹೆಚ್ಚು ಬರ್ತಾವ. ಅದಕ್ಕೇ ಓದುಗರಲ್ಲಿ ವಿನಂತಿ: ರ‍್ಯಾಮ್‌ಗೆ ದುಡ್ಡು ಎಣಿಸೋ ಮೊದಲು ಕಂಪ್ಯೂಟರಿನ ಪ್ರಾಪರ್ಟೀಸ್ ತೆರೆದು 'ಸಿಸ್ಟಮ್ ಟೈಪ್' ಎಂಬ ಸಾಲು ಓದಿ. ಮದರ್‌ಬೋರ್ಡ್ ಎಷ್ಟು ರ‍್ಯಾಮ್ ತಾಳುತ್ತದೆ, ಪ್ರೊಸೆಸರ್ 64 ಬಿಟ್ ಆಗಿದೆಯೇ ಅಂತ ಕೇಳಿ. ಅಂಗಡಿಯವರೂ ಕೇಳುವ ಮೊದಲೇ ಹೇಳಲಿ. ಒಂದು ನಿಮಿಷದ ಮಾತು, ವರ್ಷಗಟ್ಟಲೆಯ ವಿಶ್ವಾಸ.

ಅಕ್ಕನ ಮನೆಯ ಕಂಪ್ಯೂಟರಿನ ಪ್ರೊಸೆಸರ್ 64 ಬಿಟ್ ಇತ್ತು, ಪುಣ್ಯ. ವಿಂಡೋಸ್ 7ಕ್ಕೆ ಕಂಪನಿಯ ಸುರಕ್ಷತಾ ಬೆಂಬಲ 2020ರ ಜನವರಿಯಲ್ಲೇ ನಿಂತಿತ್ತು. ಹೀಗಾಗಿ ಕಡತಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಪುಕ್ಕಟೆ ಸಿಗುವ ಲಿನಕ್ಸ್‌ನ 64 ಬಿಟ್ ಆವೃತ್ತಿ ಹಾಕಿದೆವು. ಈಗ ಎಂಟು ಜಿಬಿಯೂ ಕೆಲಸಕ್ಕೆ ಬಂತು. ಎಲ್ಲರಿಗೂ ಇದೇ ಔಷಧ ಅಂತಲ್ಲ. ವಿಂಡೋಸ್‌ಗೆಂದೇ ಮಾಡಿದ ಲೆಕ್ಕದ ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ ನೇರ ಓಡುವುದಿಲ್ಲ. ಡಾಸ್ ಕಾಲದ ಪ್ರೋಗ್ರಾಮ್ 64 ಬಿಟ್ ವಿಂಡೋಸ್‌ನಲ್ಲೂ ನೇರ ಓಡುವುದಿಲ್ಲ. ವಿಚಾರಿಸಿಯೇ ಬದಲಿಸಬೇಕು.

ಬಿಕಾಂ ಓದುವಾಗ ನಮ್ಮ ಮಾಸ್ತರರು ಹೇಳ್ತಿದ್ರು, ಕಿರ್ದಿಯಲ್ಲಿ ಜಮಾ ಆದದ್ದೆಲ್ಲ ಕೈಗೆ ಸಿಕ್ಕಂತಲ್ಲ ಅಂತ. ಅಕ್ಕನ ಬಿಲ್ಲು ನೋಡಿದ ದಿನ ಆ ಮಾತು ಮತ್ತೊಮ್ಮೆ ನೆನಪಾಯಿತು.