ಬರೆದಿಡುವುದು ಅಪನಂಬಿಕೆಯಲ್ಲ

ನಮ್ಮ ವ್ಯಾಪಾರಿಗಳಲ್ಲಿ ಒಂದು ಸಂಕೋಚ ಇದೆ. ಗುರುತಿನವರ ಹತ್ತಿರ ಚೀಟಿ ಕೇಳಿದರೆ "ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಆ ದಾಕ್ಷಿಣ್ಯಕ್ಕೆ ಲಕ್ಷಗಟ್ಟಲೆ ಮಾಲನ್ನು ಬಾಯಿಮಾತಿನ ಮೇಲೆ ಕಳಿಸಿಬಿಡುತ್ತೇವೆ. ಪಕ್ಕದ ಅಂಗಡಿಯವರ ಜೊತೆ ಇದು ನಡೆದೀತು. ಮುಖವನ್ನೇ ನೋಡದ ವ್ಯಾಪಾರಿಗೆ ಮೊಬೈಲಿನಲ್ಲಿ ಮಾಲು ಮಾರುವ ಈ ಕಾಲದಲ್ಲಿ ನಡೆಯುವುದಿಲ್ಲ.

ಸ್ಕಂದಗಿರಿಯ ತಪ್ಪಲಿನ ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಬೇಕು. ಅಲ್ಲಿನ ರೈತನಿಗೂ ನೂಲು ಬಿಚ್ಚುವ ರೀಲರ್‌ಗೂ ಪರಿಚಯವೇ ಇರಬೇಕಿಲ್ಲ. ರೀಲರ್‌ಗಳಲ್ಲಿ ನಮ್ಮ ಸಮುದಾಯದವರೇ ಬಹಳ. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕೆಂಬ ನಿಯಮ 1959ರ ರಾಜ್ಯ ಕಾಯ್ದೆಯಿಂದ ಬಂದದ್ದು. ಎಲ್ಲರೆದುರು ಹರಾಜು, ಮಾರುಕಟ್ಟೆಯವರದೇ ತೂಕ, ಮಾರುಕಟ್ಟೆಯವರದೇ ಲೆಕ್ಕ. ಈಗ ಇ-ಹರಾಜು ಬಂದಿದೆ, ಹಣ ರೈತನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಗುರುತಿಲ್ಲದವರ ನಡುವೆ ನಂಬಿಕೆ ಹುಟ್ಟಿದ್ದು ಈ ಲೆಕ್ಕದಿಂದ.

ಆದರೆ ಗೂಡು ನೂಲಾದ ಮೇಲೆ ಕಥೆ ಬೇರೆ. ದೂರದ ಊರಿನ ವ್ಯಾಪಾರಿಗೆ ಫೋನಿನಲ್ಲಿ ಮಾತಾಡಿ, ಸಾಲಕ್ಕೆ ನೂಲು ಕಳಿಸಿದ ಸಣ್ಣ ರೀಲರ್ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. "ನೂಲು ಸರಿಯಿಲ್ಲ, ತೂಕ ಕಡಿಮೆ" ಎಂದು ಅವರು, "ಸರಿಯಾಗೇ ಕಳಿಸಿದ್ದೆ" ಎಂದು ಇವರು. ಸಾಕ್ಷಿ ಯಾರು?

ಬ್ಲಾಕ್‌ಚೈನ್ ಎಂಬ ತಂತ್ರಜ್ಞಾನ ಕೆಲಸಕ್ಕೆ ಬರುವುದು ಇಲ್ಲಿ. ಸರಳವಾಗಿ ಹೇಳಿದರೆ ಅದೊಂದು ಲೆಕ್ಕದ ಪುಸ್ತಕ. ಪ್ರತಿ ಬಾರಿ ಬರೆದದ್ದಕ್ಕೂ ಅದರ ಹಿಂದಿನದರ ಗುರುತು ಅಂಟಿಕೊಂಡಿರುತ್ತದೆ. ಪುಸ್ತಕದ ಪ್ರತಿ ಒಬ್ಬರ ಹತ್ತಿರ ಅಲ್ಲ, ಹಲವರ ಹತ್ತಿರ ಇರುತ್ತದೆ. ಒಬ್ಬ ಗುಟ್ಟಾಗಿ ಹಳೆಯ ಸಾಲೊಂದನ್ನು ತಿದ್ದಿದರೆ ಉಳಿದವರ ಪುಸ್ತಕಕ್ಕೆ ತಾಳೆಯಾಗದೆ ಸಿಕ್ಕಿಬೀಳುತ್ತಾನೆ. ಮಾಲು ತಲುಪಿತೆಂದು ದಾಖಲಾದ ಕೂಡಲೇ ಹಣ ಬಿಡುಗಡೆಯಾಗುವಂತೆ ಕರಾರನ್ನೂ ಅದರಲ್ಲೇ ಇಡಬಹುದು.

ನಮ್ಮವರಿಗೆ ಇದು ಹೊಸ ಪಾಠವೇನಲ್ಲ. ಕುರ್‌ಆನಿನ ಅತಿ ದೀರ್ಘ ಆಯತ್, ಅಲ್ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು. ಹಾಗಿರುವಾಗ ಚೀಟಿ ಕೇಳಿದವರ ಮೇಲೆ ಮುನಿಸು ಯಾಕೆ?

ಕರ್ನಾಟಕದಲ್ಲಿ ಈ ಪ್ರಯತ್ನ ಆಗಿದೆ. ಬೆಂಗಳೂರಿನಲ್ಲಿ ಕಚೇರಿ ಇರುವ ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಬೆಳೆಗಾರನಿಂದ ಖರೀದಿದಾರನವರೆಗೆ ಕಾಫಿ ಬಂದ ದಾರಿ ಕಾಣಬೇಕು, ನಡುವಿನ ಕೈಗಳು ಕಡಿಮೆಯಾಗಬೇಕು ಎಂಬುದು ಅದರ ಉದ್ದೇಶ. ರೇಷ್ಮೆ ನೂಲಿಗೂ ಇಂಥದ್ದು ಯಾಕೆ ಬೇಡ?

ಆದರೆ ಎರಡು ಎಚ್ಚರಿಕೆ ಬೇಕು. ಹಡಗು ಸಾಗಣೆಯ ಮರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ತಂದ ಟ್ರೇಡ್‌ಲೆನ್ಸ್ ಎಂಬ ವ್ಯವಸ್ಥೆಯನ್ನು ಮುಚ್ಚುವುದಾಗಿ 2022ರ ನವೆಂಬರ್‌ನಲ್ಲಿ ಘೋಷಿಸಿದರು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಎಂಬುದು ಅವರೇ ಕೊಟ್ಟ ಕಾರಣ. ಪುಸ್ತಕ ದೊಡ್ಡ ವ್ಯಾಪಾರಿಯೊಬ್ಬನ ಕೈಯಲ್ಲಿದೆ ಎನಿಸಿದರೆ ಉಳಿದವರು ಅದರಲ್ಲಿ ಬರೆಯಲು ಹಿಂಜರಿಯುತ್ತಾರೆ. ಹಾಗಾಗಿ ನೂಲಿನ ಪುಸ್ತಕ ಬಂದರೆ ಅದರ ಪ್ರತಿ ರೀಲರ್‌ಗಳ ಸಂಘದಲ್ಲೂ ಇರಬೇಕು, ಕನ್ನಡ ಮತ್ತು ಉರ್ದುವಿನಲ್ಲಿ ಓದಲು ಸಿಗಬೇಕು.

ಎರಡನೆಯದು ಇನ್ನೂ ದೊಡ್ಡದು. ಯಂತ್ರ ಬರೆದದ್ದನ್ನು ಕಾಯುತ್ತದೆ, ಬರೆದವನು ಸತ್ಯ ಬರೆದನೇ ಎಂದು ಕೇಳುವುದಿಲ್ಲ. ಮದೀನಾದ ಪೇಟೆಯಲ್ಲಿ ಪ್ರವಾದಿಯವರು (ಸ) ಧಾನ್ಯದ ರಾಶಿಯೊಳಗೆ ಕೈಹಾಕಿ ಒದ್ದೆಯನ್ನು ಕಂಡು, ಅದನ್ನು ಮೇಲಿಡಲಿಲ್ಲ ಯಾಕೆ ಎಂದು ವ್ಯಾಪಾರಿಯನ್ನು ಕೇಳಿದ್ದು ನಮಗೆಲ್ಲ ಗೊತ್ತು. ರಾಶಿಯೊಳಗೆ ಕೈಹಾಕುವ ಕೆಲಸವನ್ನು ಯಾವ ಕಂಪ್ಯೂಟರೂ ಮಾಡುವುದಿಲ್ಲ. ಅದಕ್ಕೆ ಸರಿಯಾದ ತಕ್ಕಡಿ, ನೂಲು ಪರೀಕ್ಷೆ ಮಾಡುವ ಮೂರನೆಯ ವ್ಯಕ್ತಿ, ದೇವರ ಭಯ ಇರುವ ವ್ಯಾಪಾರಿ ಬೇಕು.

ಬ್ಲಾಕ್‌ಚೈನ್ ಬರುವವರೆಗೆ ಕಾಯಬೇಕಾಗಿಲ್ಲ. ಈ ವಾರ ಕಳಿಸುವ ಮಾಲಿಗೆ ತೂಕ, ದರ, ಹಣ ಕೊಡುವ ದಿನಾಂಕ ಬರೆದು ಇಬ್ಬರೂ ಒಪ್ಪಿ ಸಹಿ ಹಾಕೋಣ. ಆ ರೂಢಿ ಇದ್ದವರಿಗೆ ನಾಳಿನ ತಂತ್ರಜ್ಞಾನ ಸುಲಭ.