ಬಣ್ಣದ ಕರಾರು ಬಾಯಿಮಾತಿನಲ್ಲಿ ಬೇಡ

ಲೆಕ್ಕಪರಿಶೋಧನೆಯ ವೇಳೆ ಡೆಬಿಟ್ ನೋಟುಗಳ ಕಡತವನ್ನು ತಿರುವುವಾಗ, ಪ್ಯಾಕಿಂಗ್ ಸಾಮಗ್ರಿಯ ಬಾಬ್ತಿನಲ್ಲಿ ಒಂದು ಕಾರಣ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಬಣ್ಣ ಹೊಂದಿಕೆಯಾಗಿಲ್ಲ’. ನನ್ನ ಕಕ್ಷಿದಾರರಾದ ಅಗರಬತ್ತಿ ತಯಾರಕರೊಬ್ಬರಿಗೆ ಬಂದ ಇಪ್ಪತ್ತು ಸಾವಿರ ಪೆಟ್ಟಿಗೆಗಳಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗಿತ್ತು. ‘ನೀವು ಒಪ್ಪಿದಂತೆಯೇ ಅಚ್ಚು ಹಾಕಿದ್ದೇವೆ’ ಎಂದರು ಮುದ್ರಕರು. ‘ಕಂಪ್ಯೂಟರ್ ಪರದೆಯಲ್ಲಿ ನಾವು ಒಪ್ಪಿದ್ದು ಇದಲ್ಲ’ ಎಂದರು ಇವರು. ಖರೀದಿ ಆದೇಶದಲ್ಲಿ ಇದ್ದುದು ‘ಕೆಂಪು, ಹಿಂದಿನಂತೆ’ ಎಂಬಷ್ಟೇ. ನಷ್ಟವನ್ನು ಅರ್ಧರ್ಧ ಹಂಚಿಕೊಂಡರು. ಹಲವು ವರ್ಷಗಳ ವ್ಯವಹಾರವೂ ಅಲ್ಲಿಗೇ ಮುಗಿಯಿತು.

ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಪರದೆಯು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣವನ್ನು ತೋರಿಸುತ್ತದೆ. ಮುದ್ರಣಯಂತ್ರವು ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳಿಂದ ಅದನ್ನು ಕಟ್ಟುತ್ತದೆ. ಪರದೆಯ ಎಲ್ಲ ಬಣ್ಣಗಳೂ ಶಾಯಿಗೆ ದಕ್ಕುವುದಿಲ್ಲ. ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಹಾಳೆಗಳು ಬಿಸಿಲಿನಲ್ಲಿ ಬೇರೆಯಾಗಿ ಕಾಣಬಹುದು.

ಆದ್ದರಿಂದಲೇ ಬಣ್ಣಕ್ಕೆ ಹೆಸರಿನ ಬದಲು ಸಂಖ್ಯೆ ಬೇಕು. ಅಮೆರಿಕದ ಲಾರೆನ್ಸ್ ಹರ್ಬರ್ಟ್ ಅವರು 1963ರಲ್ಲಿ ರೂಪಿಸಿದ ಪ್ಯಾಂಟೋನ್ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಒಂದು ಗುರುತು ಮತ್ತು ಶಾಯಿ ಬೆರೆಸುವ ಒಂದು ಪ್ರಮಾಣವಿದೆ. ಸಂಖ್ಯೆಯ ಮುಂದಿನ ‘ಸಿ’ ನುಣುಪು ಲೇಪನದ ಕಾಗದವನ್ನೂ ‘ಯು’ ಲೇಪನವಿಲ್ಲದ ಕಾಗದವನ್ನೂ ಸೂಚಿಸುತ್ತದೆ. ಒಂದೇ ಶಾಯಿ ಈ ಎರಡರ ಮೇಲೆ ಎರಡು ಬಗೆಯಾಗಿ ಕಾಣುವುದರಿಂದ ಆ ಅಕ್ಷರವನ್ನು ಬಿಡುವಂತಿಲ್ಲ. ಮುದ್ರಿತ ಬಣ್ಣವು ಮಾದರಿಯಿಂದ ಎಷ್ಟು ದೂರ ಸರಿದಿದೆ ಎಂಬುದನ್ನು ಉಪಕರಣದಿಂದ ಅಳೆದು ‘ಡೆಲ್ಟಾ-ಇ’ ಎಂಬ ಅಂಕಿಯಲ್ಲಿ ಹೇಳಬಹುದು. ಆಫ್‌ಸೆಟ್ ಮುದ್ರಣದ ಐಎಸ್‌ಒ 12647-2 ಮಾನಕವು ನಾಲ್ಕು ಮೂಲ ಶಾಯಿಗಳಿಗೆ 5ರವರೆಗಿನ ವ್ಯತ್ಯಾಸವನ್ನು ಮನ್ನಿಸುತ್ತದೆ. ತಮ್ಮ ಬ್ರಾಂಡಿನ ವಿಶೇಷ ಬಣ್ಣಕ್ಕೆ ಇನ್ನೂ ಬಿಗಿಯಾದ ಮಿತಿ ಬೇಕೆನ್ನುವವರು ಅದನ್ನು ಮುದ್ರಕರೊಡನೆ ಮೊದಲೇ ನಿಗದಿಪಡಿಸಬೇಕು.

ಇದೆಲ್ಲ ದೊಡ್ಡವರಿಗೆ ಸರಿ, ನಮಗೇಕೆ ಎಂದು ಸಣ್ಣ ಉದ್ಯಮಿಗಳು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಶೇಡ್ ಕಾರ್ಡ್ ಅಗ್ಗದ ವಸ್ತುವಲ್ಲ. ಕಾಲಕ್ರಮೇಣ ಅದರ ಬಣ್ಣವೂ ಮಾಸುವುದರಿಂದ ಮತ್ತೆ ಕೊಳ್ಳಬೇಕಾಗುತ್ತದೆ. 2022ರಲ್ಲಿ ಅಡೋಬಿ ತಂತ್ರಾಂಶಗಳಿಂದ ಪ್ಯಾಂಟೋನ್‌ನ ಬಹುಪಾಲು ಬಣ್ಣಪಟ್ಟಿಗಳು ಹೊರಬಿದ್ದು, ವಿನ್ಯಾಸಕಾರರು ಅವುಗಳಿಗೆ ಪ್ರತ್ಯೇಕ ಚಂದಾ ತೆರಬೇಕಾಯಿತು. ಒಂದು ಸಂಸ್ಥೆಯ ಪಟ್ಟಿಯನ್ನೇ ಎಲ್ಲರೂ ನೆಚ್ಚಿಕೊಂಡರೆ ಅದರ ಬೆಲೆಯನ್ನೂ ಆ ಸಂಸ್ಥೆಯೇ ನಿರ್ಧರಿಸುತ್ತದೆ.

ಆದರೆ ಅತ್ಯಂತ ಬೆಲೆಬಾಳುವ ಸಾಧನಕ್ಕೆ ಖರ್ಚೇ ಇಲ್ಲ. ಮೊದಲ ಅಚ್ಚಿನ ವೇಳೆ ಮುದ್ರಣಾಲಯಕ್ಕೆ ಹೋಗಿ, ನಿಜವಾದ ಕಾಗದದ ಮೇಲೆ ನಿಜವಾದ ಶಾಯಿಯಿಂದ ಬಂದ ಹಾಳೆಗೆ ಇಬ್ಬರೂ ದಿನಾಂಕಸಹಿತ ಸಹಿ ಹಾಕಿ, ಒಂದೊಂದು ಪ್ರತಿಯನ್ನು ಬೆಳಕು ತಾಗದ ಲಕೋಟೆಯಲ್ಲಿ ಇಡಬೇಕು. ನಮೂನೆಯ ಮೇಲಿನ ಮಾರಾಟದಲ್ಲಿ ಸರಕು ನಮೂನೆಗೆ ಸಮನಾಗಿರಬೇಕೆಂದು 1930ರ ಸರಕು ಮಾರಾಟ ಕಾಯಿದೆಯ 17ನೆಯ ಕಲಂ ಹೇಳುತ್ತದೆ. ಮುದ್ರಣವು ಮಾರಾಟವೋ ಕೆಲಸದ ಗುತ್ತಿಗೆಯೋ ಎಂಬ ತರ್ಕವನ್ನು ವಕೀಲರಿಗೆ ಬಿಡೋಣ. ಸಹಿ ಮಾಡಿದ ನಮೂನೆಯು ಎರಡು ಸಂದರ್ಭದಲ್ಲೂ ಪುರಾವೆಯೇ.

ಇನ್ನೊಂದು ಎಚ್ಚರಿಕೆ. ಮುದ್ರಕರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮದವರಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯಿದೆಯಂತೆ ಖರೀದಿದಾರರ ಆಕ್ಷೇಪವು ಸರಕು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ಹೋಗಬೇಕು. ಹೋಗದಿದ್ದರೆ, ಸರಕು ತಲುಪಿದ ದಿನವೇ ಸ್ವೀಕಾರವಾಯಿತೆಂದು ಎಣಿಕೆ. ಪಾವತಿಯ ಅವಧಿಯು ಕರಾರಿದ್ದರೂ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರವಾಣಿಯಲ್ಲಿ ಆಡಿದ ಅಸಮಾಧಾನ ಆಕ್ಷೇಪವೆನಿಸದು. ಮೂರು ತಿಂಗಳ ನಂತರ ಕಳಿಸಿದ ಡೆಬಿಟ್ ನೋಟ್ ನಿಲ್ಲುವುದೂ ಕಷ್ಟ.

ಆದ್ದರಿಂದ ಮುಂದಿನ ಖರೀದಿ ಆದೇಶದಲ್ಲಿ ನಾಲ್ಕು ಸಾಲುಗಳಿರಲಿ: ಬಣ್ಣದ ಸಂಖ್ಯೆ, ಕಾಗದದ ಬಗೆ, ಒಪ್ಪಿದ ವ್ಯತ್ಯಾಸದ ಮಿತಿ, ಸಹಿ ಮಾಡಿದ ನಮೂನೆಯ ದಿನಾಂಕ. ತೂಕಕ್ಕೂ ದರಕ್ಕೂ ಅಂಕಿ ಬರೆಯುವ ನಾವು ಬಣ್ಣವನ್ನು ಮಾತ್ರ ‘ಹಿಂದಿನಂತೆ’ ಎಂದು ಬಿಡುವುದು ವ್ಯಾಪಾರದ ಜಾಣತನವಲ್ಲ.